ಇಪ್ಪತ್ನಾಲ್ಕು ಪಾಯಿಂಟ್ ಆರು

ನಮ್ಮ ಕಾಲೇಜಿನಲ್ಲಿ ಮೊದಲ ವರ್ಷ ಫೇಲಾಗಿ ಮನೆಗೆ ಹೋದವರನ್ನು ಫೇಲಾದರು ಎನ್ನುವುದಿಲ್ಲ, ಕಿತ್ತರು ಎನ್ನುತ್ತಾರೆ. ಮೆಕ್ಕೆಜೋಳದ ಸಾಲಿನಿಂದ ಕಳೆ ಕಿತ್ತ ಹಾಗೆ. ಒಂದು ಸಲ ಫೇಲಾದವರಿಗೆ ಮತ್ತೊಂದು ವರ್ಷ ಕೂರಲು ಬಿಡುತ್ತಾರೆ. ಮತ್ತೆ ಫೇಲಾದರೆ ಹಾಸಿಗೆ ಸುತ್ತಿಕೊಂಡು ಗುಡ್ಡ ಇಳಿದು ಸರೋವರದ ದಡದ ನ್ಖಾಟಾ ಬೇ ಬಸ್‌ಸ್ಟ್ಯಾಂಡಿಗೆ ನಡೆಯಬೇಕು.

ಪ್ರತಿ ವರ್ಷ ಹೆಚ್ಚು ಕಳೆ ಕೀಳುತ್ತಿದ್ದದ್ದು ನನ್ನ ವಿಷಯ, ರಸಾಯನಶಾಸ್ತ್ರ. ಅದರ ನಂತರ ಜೀವಶಾಸ್ತ್ರ, ನನ್ನ ಗಂಡನದು. ಎರಡು ಪ್ರಯೋಗಾಲಯಗಳ ನಡುವೆ ಒಂದೇ ಗೋಡೆ. ಊಟದ ಹೊತ್ತಾದರೆ ವಿತುಂಬಿಕೊ ಆಚೆಯಿಂದ ಗೋಡೆ ತಟ್ಟುತ್ತಿದ್ದ. ನಾನು ಡಬ್ಬಿ ಎತ್ತಿಕೊಂಡು ಹೊರಗೆ ಬರುತ್ತಿದ್ದೆ. ಮಾವಿನ ಮರದ ಕೆಳಗೆ ಕೂತು ಅವನು ತನ್ನ ಹುಡುಗರನ್ನು ಬೈಯುತ್ತಿದ್ದ, ನಾನು ನನ್ನ ಹುಡುಗರನ್ನು. ಇಬ್ಬರೂ ಬೈಯುತ್ತಿದ್ದದ್ದು ಅದೇ ಹುಡುಗರನ್ನು.

ಪರೀಕ್ಷೆ ಮುಗಿದ ವಾರ ಅವನಿಗೆ ಮಲೇರಿಯಾ ತಲೆಗೇರಿತು. ಮಣ್ಣು ಮಾಡಿದೆವು. ನೆಂಟರು ಬಂದರು, ಚಾಪೆಯ ಮೇಲೆ ಕೂತರು, ಹೋದರು. ನಾನು ತಲೆ ಬೋಳಿಸಿಕೊಂಡೆ. ನಂತರ ಕಾಲೇಜಿಗೆ ಹೋದೆ, ಏಕೆಂದರೆ ಬೆಳಿಗ್ಗೆ ಎದ್ದ ಮೇಲೆ ಎಲ್ಲಿಗಾದರೂ ಹೋಗಬೇಕಿತ್ತು.

ಲೊಂಗ್ವೆ ಬಂದು ನನ್ನ ಬಾಗಿಲಲ್ಲಿ ನಿಂತರು. ಅವರು ಜೀವಶಾಸ್ತ್ರ ವಿಭಾಗದ ಹಿರಿಯರು. ಆ ವಾರ ಅಲ್ಲಿ ಇದ್ದವರು ಅವರೊಬ್ಬರೇ. ಕಂಕುಳಲ್ಲಿ ಉತ್ತರಪತ್ರಿಕೆಗಳ ಕಟ್ಟು.

“ನ್ಯಾಮಾಂಡಾ, ಇದನ್ನ ನಿನಗೆ ಕೊಡಬಾರದು, ಗೊತ್ತು,” ಎಂದರು. ನಮ್ಮ ಕಡೆ ಹೆಂಗಸರನ್ನು ಮದುವೆಯ ಮೇಲೂ ತವರಿನ ಹೆಸರಿನಿಂದಲೇ ಕರೆಯುವುದು. “ಆದ್ರೆ ನನ್ನ ಕಣ್ಣು ಒಣಮೀನಿನ ಕಣ್ಣಾಗಿದೆ. ವಿತು ಪೇಪರು ಹಾಗೇ ಉಳಿದುಬಿಟ್ಟಿದೆ.”

“ಇಟ್ಟು ಹೋಗಿ ಅಣ್ಣ.”

“ನೋಡ್ತಾ ನೋಡ್ತಾ ಅಳು ಬಂದ್ರೆ?”

“ಬರಲ್ಲ. ಇಟ್ಟು ಹೋಗಿ.”

ಬರಲಿಲ್ಲ. ಎಡಗಡೆ ನನ್ನ ಕಟ್ಟು, ಬಲಗಡೆ ಅವನ ಕಟ್ಟು ಇಟ್ಟುಕೊಂಡು ಒಬ್ಬೊಬ್ಬರದೇ ಜೋಡಿ ಮಾಡಿ ಓದಿದೆ. ಒಂದು ಜೋಡಿಯ ಹತ್ತಿರ ಕೈ ನಿಂತಿತು. ಹೆಸರು ತೊವೇರಾ ಮ್ಫಾಂಡೆ. ನನ್ನ ಪತ್ರಿಕೆಯಲ್ಲಿ ಅವಳು ಎರಡು ಉಪ್ಪುನೀರುಗಳಲ್ಲಿ ಯಾವುದು ಗಟ್ಟಿ, ಎಷ್ಟು ಗಟ್ಟಿ ಎಂದು ತಪ್ಪಿಲ್ಲದೆ ಲೆಕ್ಕ ಹಾಕಿದ್ದಳು. ಅವನ ಪತ್ರಿಕೆಯಲ್ಲಿ, ಉಪ್ಪುನೀರಿನಲ್ಲಿಟ್ಟ ಮರಗೆಣಸಿನ ಚೂರು ಏಕೆ ಮುದುಡಿತು ಎಂಬ ಪ್ರಶ್ನೆಗೆ, ‘ಉಪ್ಪು ಅದನ್ನು ತಿಂದಿತು’ ಎಂದು ಬರೆದಿದ್ದಳು. ಕೆಳಗೆ ಎರಡು ಗೆರೆ ಎಳೆದಿದ್ದಳು, ಖಚಿತವಾಗಿ.

ಅವಳನ್ನು ಕರೆಸಿದೆ. ಎತ್ತರದ ಹುಡುಗಿ, ಬಾಗಿಲು ದಾಟುವಾಗ ಸುಮ್ಮನೆ ತಲೆ ಬಗ್ಗಿಸುವವಳು.

“ಇವೆರಡೂ ನೀನೇ ಬರೆದದ್ದಾ?”

“ಹೌದು ಮೇಡಂ.”

“ನೀರು ಯಾವ ಕಡೆ ಗಟ್ಟಿ ಅಂತ ನಿನಗೆ ಗೊತ್ತು. ಹಾಗಿದ್ರೆ ಗೆಣಸಿನ ಒಳಗಿನ ನೀರು ಎಲ್ಲಿಗೆ ಹೋಯ್ತು?”

“ಅದು ಬಯಾಲಜಿ ಮೇಡಂ.”

“ಉಪ್ಪು ಬೇರೆಯಾ?”

ಅವಳು ಎರಡೂ ಹಾಳೆ ನೋಡಿದಳು. “ಇದು ಮಂಗಳವಾರದ ಪೇಪರು ಮೇಡಂ. ಅದು ಗುರುವಾರದ್ದು,” ಎಂದಳು. ತಮಾಷೆಗೆ ಹೇಳಲಿಲ್ಲ. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತೆ ಬಾಯಿಗೆ ಕೈ ಅಡ್ಡ ಹಿಡಿದಳು.

ಆ ವರ್ಷ ಅವಳು ಜೀವಶಾಸ್ತ್ರದಲ್ಲಿ ಫೇಲಾದಳು. ಆ ಉತ್ತರಕ್ಕೆ ಸೊನ್ನೆ ಹಾಕಿದ್ದು ನಾನೇ. ಆದರೆ ತಪ್ಪು ಎಲ್ಲಿದೆ ಎಂದು ನನಗೆ ಅಷ್ಟು ಹೊತ್ತಿಗೆ ಸ್ಪಷ್ಟವಾಗಿತ್ತು. ದ್ರಾವಣದ ಪಾಠ ನನ್ನಲ್ಲಿ ಮಳೆ ನಿಂತ ಮೇಲೆ ಬರುತ್ತಿತ್ತು. ವಿತುಂಬಿಕೊಗೆ ಅದು ಮಳೆ ಶುರುವಾಗುವ ಮೊದಲೇ ಬೇಕಿತ್ತು. ನಾವು ಒಂದೇ ತಟ್ಟೆಯಲ್ಲಿ ಉಂಡೆವು, ಇದನ್ನು ಮಾತ್ರ ಮಾತಾಡಿರಲಿಲ್ಲ.

ನನ್ನ ಕೂದಲು ಬೆರಳಿಗೆ ಸಿಗುವಷ್ಟು ಬೆಳೆದಾಗ ಡೀನ್ ಸಯೀತಿಯವರ ಹತ್ತಿರ ಹೋದೆ. ಲೊಂಗ್ವೆಯನ್ನೂ ಎಳೆದುಕೊಂಡು ಹೋದೆ.

“ಒಂದು ತರಗತಿ ಕೊಡಿ,” ಎಂದೆ. “ಅದೇ ಮಕ್ಕಳು, ಅದೇ ಕೋಣೆ. ನನ್ನ ಪಾಠ, ಲೊಂಗ್ವೆಯವರ ಪಾಠ ಒಂದಕ್ಕೊಂದು ಹೆಣೆದು ಹೋಗುತ್ತೆ. ಜೀವಕೋಶ ಬಂದ ದಿನವೇ ದ್ರಾವಣ ಬರುತ್ತೆ. ಪ್ರಯೋಗವೂ ಎರಡಕ್ಕೂ ಸೇರಿ ಒಂದೇ.”

ಡೀನ್ ದಕ್ಷಿಣದವರು, ಭೌತಶಾಸ್ತ್ರದವರು. ನನ್ನನ್ನು ಗಂಡನ ಹೆಸರಿನಿಂದ ಕರೆಯುತ್ತಿದ್ದರು. “ಮಿಸೆಸ್ ಕಮಾಂಗಾ, ಎರಡು ದೋಣಿ ಕಟ್ಟಿಬಿಟ್ರೆ ಒಂದು ಹಡಗಾಗಲ್ಲ. ಮುಳುಗಿದ್ರೆ ಎರಡೂ ಮುಳುಗುತ್ವೆ.”

“ಮುಳುಗಲ್ಲ.”

“ಅಷ್ಟು ಧೈರ್ಯ ಇದ್ರೆ ಅಂಕವೂ ಒಂದೇ ಇರಲಿ. ಪಾಸಾದ್ರೆ ಎರಡರಲ್ಲೂ ಪಾಸು. ಇಲ್ಲಾಂದ್ರೆ ಎರಡರಲ್ಲೂ ಇಲ್ಲ. ಕೊನೇ ಪ್ರಯೋಗ ಪರೀಕ್ಷೆಯ ಪ್ರಶ್ನೆ ನಾನು ಕೊಡ್ತೀನಿ. ಮಕ್ಕಳು ನೋಡೋ ಹೊತ್ತಿಗೇ ನೀವೂ ನೋಡ್ಬೇಕು. ಬೇರೆ ತರಗತಿಗಿಂತ ನಿಮ್ಮಲ್ಲಿ ಹೆಚ್ಚು ಜನ ಹೋದ್ರೆ ಇದು ಇಲ್ಲಿಗೆ ಮುಗೀತು.”

ಹೊರಗೆ ಬಂದು ಲೊಂಗ್ವೆ ಟೋಪಿಯಿಂದ ಗಾಳಿ ಹಾಕಿಕೊಂಡರು. “ನಾನು ನಿವೃತ್ತಿಗೆ ಕಾಯ್ತಿದ್ದೆ ಕಣಮ್ಮ. ನೀನು ನನಗೆ ಮದುವೆ ಮಾಡಿಸಿಬಿಟ್ಟೆ.”

ಬೇರೆ ಅಧ್ಯಾಪಕರು ತಮ್ಮ ಒಳ್ಳೆಯ ಮಕ್ಕಳನ್ನು ಬಿಟ್ಟುಕೊಡಲಿಲ್ಲ. ನಮಗೆ ಸಿಕ್ಕಿದ್ದು ಎರಡನೆಯ ಸಲ ಕೂರುವವರು, ತಡವಾಗಿ ಸೇರಿದವರು. ಅವರಲ್ಲಿ ತೊವೇರಾ ಇದ್ದಳು. ಇದು ಅವಳ ಕೊನೆಯ ವರ್ಷ: ದಾಟಿದರೆ ಉಳಿಯುತ್ತಾಳೆ, ಇಲ್ಲದಿದ್ದರೆ ಬಸ್‌ಸ್ಟ್ಯಾಂಡು.

ಎರಡು ಪ್ರಯೋಗಾಲಯಗಳ ನಡುವಿನ ಗೋಡೆಯಲ್ಲಿ ಒಂದು ಬಾಗಿಲಿತ್ತು. ನನ್ನ ಕಡೆ ಅದರ ಮುಂದೆ ನನ್ನ ಬೀರು, ಆ ಕಡೆ ವಿತುಂಬಿಕೊನ ಬೀರು. ಬಾಗಿಲಿರುವುದನ್ನೇ ಎಲ್ಲರೂ ಮರೆತಿದ್ದರು. ಮೊದಲ ದಿನ ಮಕ್ಕಳ ಕೈಯಲ್ಲಿ ಎರಡೂ ಬೀರು ಸರಿಸಿದೆವು. ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ. ಲೊಂಗ್ವೆ ಕೀಲಿನ ಮೊಳೆಗಳನ್ನು ಸುತ್ತಿಗೆಯಿಂದ ತಟ್ಟಿ ತೆಗೆದು ಕದವನ್ನೇ ಕಳಚಿಟ್ಟರು. ನಾನು ಈ ಕಡೆ ಸೀಸೆಗಳನ್ನು ಜೋಡಿಸುತ್ತಿದ್ದೆ. ಗೋಡೆ ತಟ್ಟಿದ ಸದ್ದು ಕೇಳಿ ಊಟದ ಡಬ್ಬಿ ಎತ್ತಿಕೊಂಡು ಹೊರಗಿನ ಬಾಗಿಲವರೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ನಿಂತೆ. ಮತ್ತೆ ಬಂದು ಸೀಸೆ ಜೋಡಿಸಿದೆ.

ಇಡೀ ವರ್ಷಕ್ಕೆ ನಾವು ಆರಿಸಿಕೊಂಡದ್ದು ಮರಗೆಣಸು. ಸರೋವರದ ದಡದಲ್ಲಿ ಹುಟ್ಟಿದ ಯಾವ ಮಗುವಿಗೂ ಅದರ ಪರಿಚಯ ಮಾಡಿಸಬೇಕಿಲ್ಲ. ಕಹಿ ಗೆಣಸಿನಲ್ಲಿ ವಿಷವಿದೆ. ಸಿಪ್ಪೆ ತೆಗೆದು ನೀರಿನಲ್ಲಿ ನೆನೆಹಾಕಿದರೆ ದಿನ ಕಳೆದಂತೆ ಮೆತ್ತಗಾಗುತ್ತದೆ, ನೀರು ಹುಳಿಯಾಗುತ್ತದೆ, ವಿಷ ಹೋಗುತ್ತದೆ. ಒಣಗಿಸಿ, ಕುಟ್ಟಿ, ಆ ಹಿಟ್ಟಿನಿಂದ ಕೊಂಡೊವೊಲೆ ಮುದ್ದೆ ತಿರುವುತ್ತೇವೆ, ಮೀನಿನ ಜೊತೆ ಉಣ್ಣುತ್ತೇವೆ. ಎಲ್ಲರಿಗೂ ಗೊತ್ತಿರುವ ವಿಷಯ. ಏಕೆ ಹಾಗೆ ಎಂಬುದರಲ್ಲಿ ಅರ್ಧ ನನ್ನ ಪಾಠ, ಅರ್ಧ ಲೊಂಗ್ವೆಯವರದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಗೆರೆ ಎಳೆಯಲು ಬರುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಹಸಿ ಗೆಣಸಿನ ಕೋಶಗಳು ಇಟ್ಟಿಗೆ ಗೋಡೆಯಂತೆ ಒತ್ತಾಗಿ ಕಾಣುತ್ತಿದ್ದವು; ನೆನೆದ ಮೇಲೆ ಬಿಡಿಬಿಡಿಯಾಗಿ ತೇಲುತ್ತಿದ್ದವು. ನೆನೆದ ನೀರಿನ ಹುಳಿಯನ್ನು ಬ್ಯುರೆಟ್ ಎಂಬ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಕ್ಷಾರ ಬಿಟ್ಟು ಅಳೆಯುತ್ತಿದ್ದೆವು; ನೀರು ಗುಲಾಬಿಯಾಗಲು ಎಷ್ಟು ಕ್ಷಾರ ಹಿಡಿಯಿತೋ ಅಷ್ಟು ಹುಳಿ. ವಿಷಕ್ಕೆ ಒಂದು ಹಳದಿ ಕಾಗದ, ವಿಷವಿದ್ದರೆ ಕಂದಾಗುತ್ತದೆ. ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಕೋಣೆ ತುಂಬ ಹುಳಿವಾಸನೆ.

“ಮೇಡಂ, ನಮ್ಮಜ್ಜಿ ಬಂದ್ರೆ ಇಲ್ಲೇ ಒಲೆ ಹಚ್ತಾಳೆ,” ಎಂದ ಗೊಮೆಜ್ಗಾ. ತರಗತಿಯ ಬಾಯಿ ಅವನು.

“ನಿಮ್ಮಜ್ಜಿ ಬರಲಿ. ನಿನಗಿಂತ ನೆಟ್ಟಗೆ ಪಾತ್ರೆ ತೊಳೀತಾಳೆ,” ಎಂದರು ಲೊಂಗ್ವೆ.

ಹೀಗೆ ಚೆನ್ನಾಗಿಯೇ ಹೋಗುತ್ತಿದ್ದಾಗ ಮಕ್ಕಳು ತಿರುಗಿಬಿದ್ದರು. ಕಾರಣ ಹಳೆಯ ಪ್ರಶ್ನೆಪತ್ರಿಕೆ.

ನಮ್ಮ ಕಾಲೇಜಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಆಸ್ತಿಯ ಹಾಗೆ ಇಳಿದು ಬರುತ್ತವೆ. ಅಣ್ಣನಿಂದ ತಂಗಿಗೆ, ಊರಿನ ಹಿರಿಯನಿಂದ ಊರಿನ ಕಿರಿಯನಿಗೆ. ಉತ್ತರಗಳೂ ಜೊತೆಗೇ. ಪಾಠ ಬಿಟ್ಟರೂ ಅವನ್ನು ಬಿಡುವವರಿಲ್ಲ. ನಮ್ಮ ಹೊಸ ತರಗತಿಗೆ ಮಾತ್ರ ಹಳೆಯ ಪತ್ರಿಕೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

“ಮೇಡಂ, ದೋಣಿ ಕೊಟ್ರಿ, ಹುಟ್ಟು ಕೊಡ್ಲಿಲ್ಲ,” ಎಂದ ಗೊಮೆಜ್ಗಾ, ಎಲ್ಲರ ಪರವಾಗಿ.

“ಕೈ ಇದೆಯಲ್ಲ, ಅದರಲ್ಲಿ ಹಾಕು.”

“ಕೈಯಲ್ಲಿ ಹುಟ್ಟು ಹಾಕಿದ್ರೆ ಮೊಸಳೆ ಹಿಡಿಯುತ್ತೆ ಮೇಡಂ.”

ಎಲ್ಲರೂ ನಕ್ಕರು. ತೊವೇರಾ ನಗಲಿಲ್ಲ. ತರಗತಿ ಮುಗಿದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು.

“ಮೇಡಂ, ನನ್ನನ್ನ ಆ ಕಡೆ ತರಗತಿಗೆ ಹಾಕಿ. ಶುಕ್ರವಾರದವರೆಗೆ ಬದಲಾಯಿಸ್ಕೊಳ್ಳಬಹುದಂತೆ.”

“ಯಾಕೆ?”

“ಅಲ್ಲಾದ್ರೆ ಕೆಮಿಸ್ಟ್ರಿ ನನ್ನ ಕೈಯಲ್ಲಿದೆ. ನಮ್ಮಣ್ಣನ ಪೇಪರೆಲ್ಲ ಬಾಯಿಪಾಠ. ಬಯಾಲಜಿ ಒಂದು ನೋಡ್ಕೊಂಡ್ರೆ ಸಾಕು. ಇಲ್ಲಿ ಒಂದು ಹೋದ್ರೆ ಎರಡೂ ಹೋಗುತ್ತೆ.” ಅವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. “ನಮ್ಮೂರ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರೇ ಇಲ್ಲ ಮೇಡಂ. ನಾನು ಓದಿದ್ದೂ ಮೇಷ್ಟ್ರಿಲ್ಲದೇನೇ. ಓದು ಮುಗಿಸಿ ನಾನೇ ಟೀಚರಾಗಿ ಹೋಗ್ತೀನಿ ಅಂತ ಹೇಳಿಬಂದಿದ್ದೀನಿ. ನನ್ನನ್ನ ಕಿತ್ತುಬಿಟ್ರೆ ಅಲ್ಲಿಗೆ ಇನ್ಯಾರೂ ಹೋಗಲ್ಲ.”

ಸಮಾಧಾನದ ಮಾತು ಹೇಳಬಹುದಿತ್ತು. ಆ ದಿನಗಳಲ್ಲಿ ನನಗೆ ಅಂಥ ಮಾತು ಬರುತ್ತಿರಲಿಲ್ಲ. “ನಾಳೆ ಒಂದು ಸಣ್ಣ ಪರೀಕ್ಷೆ ಇದೆ. ಅದನ್ನ ಬರೆದು, ಆಮೇಲೆ ಹೋಗೋದಾದ್ರೆ ಹೋಗು. ನಾನೇ ಸಹಿ ಹಾಕ್ತೀನಿ,” ಎಂದೆ.

ಪರೀಕ್ಷೆ ಸರಳವಾಗಿತ್ತು. ಒಂದೊಂದು ಮೇಜಿಗೂ ಗೆಣಸು ನೆನೆಸಿದ ನೀರು ಇಟ್ಟಿದ್ದೆವು. ಒಂದು ಮೇಜಿನದು ನಿನ್ನೆ ನೆನೆಹಾಕಿದ್ದು, ಇನ್ನೊಂದರದು ಅದಕ್ಕೂ ಹಿಂದಿನದು. ಎಲ್ಲವೂ ಬೇರೆ ಬೇರೆ. ಹುಳಿ ಅಳೆಯಬೇಕು, ಗೆಣಸು ತಿನ್ನಲು ಬಂದಿದೆಯೇ ಎಂದು ಹೇಳಬೇಕು. ಹಳದಿ ಕಾಗದವನ್ನು ಆ ದಿನ ಕೊಟ್ಟಿರಲಿಲ್ಲ.

ಹಾಳೆಗಳನ್ನು ಒಟ್ಟು ಮಾಡಿಕೊಂಡು ಲೊಂಗ್ವೆ ನನ್ನ ಬಳಿ ಬಂದರು. “ಪವಾಡ ಕಣಮ್ಮ,” ಎಂದರು. “ಬೇರೆ ಬೇರೆ ನೀರು ಕೊಟ್ವಿ. ಇವರಲ್ಲಿ ಬಹಳ ಜನಕ್ಕೆ ಒಂದೇ ಉತ್ತರ ಬಂದಿದೆ. ಇಪ್ಪತ್ನಾಲ್ಕು ಪಾಯಿಂಟ್ ಆರು.”

ನನಗೆ ಪವಾಡ ಎನಿಸಲಿಲ್ಲ. ಆ ಸಂಖ್ಯೆ ನನ್ನದೇ. ನಮ್ಮ ವಿಭಾಗದಲ್ಲಿ ವರ್ಷ ವರ್ಷವೂ ಅದೇ ಆಮ್ಲ, ಅದೇ ಕ್ಷಾರ, ಅದೇ ಅಳತೆಯಲ್ಲಿ ಕಲಸಿಟ್ಟು ಅದೇ ಪ್ರಯೋಗ ಕೊಡುತ್ತ ಬಂದಿದ್ದೆವು. ಉತ್ತರ ಯಾವಾಗಲೂ ಇಪ್ಪತ್ನಾಲ್ಕು ಪಾಯಿಂಟ್ ಆರು. ಹಳೆಯ ಪತ್ರಿಕೆಗಳ ಜೊತೆ ಅದೂ ಇಳಿದು ಬಂದಿತ್ತು. ಹುಡುಗರ ಹಾಸ್ಟೆಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತಂತೆ. ಗೊಮೆಜ್ಗಾನ ಬ್ಯುರೆಟ್‌ನ ನಲ್ಲಿಯನ್ನು ತಿರುಗಿಸಿಯೇ ಇರಲಿಲ್ಲ. ಕ್ಷಾರ ಸೊನ್ನೆಯ ಗೆರೆಯಲ್ಲೇ ನಿಂತಿತ್ತು.

“ಇದೇನೋ?” ಎಂದರು ಲೊಂಗ್ವೆ.

“ಉತ್ತರ ಗೊತ್ತಿರುವಾಗ ಸುಮ್ನೆ ಯಾಕೆ ಸರ್ ಕ್ಷಾರ ದಂಡ?”

ತೊವೇರಾಳ ಹಾಳೆಯಲ್ಲೂ ಅದೇ ಸಂಖ್ಯೆ. ಆದರೆ ಅವಳ ಬ್ಯುರೆಟ್ ಒಂಬತ್ತರ ಹತ್ತಿರ ನಿಂತಿತ್ತು, ಕೆಳಗಿನ ನೀರು ತೆಳು ಗುಲಾಬಿಯಾಗಿತ್ತು. ಅಷ್ಟು ತೆಳು ಗುಲಾಬಿ ಆತುರದ ಕೈಗೆ ಸಿಗುವುದಿಲ್ಲ. ಅವಳನ್ನು ಕರೆದೆ.

“ನಿನಗೆ ಎಷ್ಟು ಬಂತು?”

“ಇಪ್ಪತ್ನಾಲ್ಕು ಪಾಯಿಂಟ್—”

“ಬರೆದದ್ದಲ್ಲ. ಬಂದದ್ದು.”

ಅವಳು ಬ್ಯುರೆಟ್ ಕಡೆ ನೋಡಿದಳು. “ಒಂಬತ್ತು ಪಾಯಿಂಟ್ ಎರಡು. ಮತ್ತೊಂದ್ಸಲ ಮಾಡಿದೆ. ಮತ್ತೆ ಅಷ್ಟೇ ಬಂತು. ಎಲ್ಲೋ ಕೆಡಿಸಿದೆ ಅಂದ್ಕೊಂಡೆ ಮೇಡಂ. ಅದಕ್ಕೆ ಸರಿಯಾದದ್ದು ಬರೆದೆ.”

ಲೊಂಗ್ವೆ ಸ್ಟೂಲು ಎಳೆದುಕೊಂಡು ಕೂತರು. “ಈ ಗೆಣಸು ಮುಟ್ಟು,” ಎಂದರು.

ಮುಟ್ಟಿದಳು. “ಗಟ್ಟಿ ಇದೆ.”

“ಹುಳಿ ಒಂಬತ್ತು ಅಂದ್ರೆ ಏನಾಗಿರಬೇಕು?”

“ಈಗಷ್ಟೇ ನೆನೆಹಾಕಿದ್ದು. ಒಳಗೆ ಇನ್ನೂ ಏನೂ ಬಿಟ್ಟುಕೊಂಡಿಲ್ಲ.”

“ಇಪ್ಪತ್ನಾಲ್ಕು ಅಂದ್ರೆ?”

“ಚೆನ್ನಾಗಿ ನೆನೆದದ್ದು. ಒಣಗಿಸಬಹುದು.” ಅವಳ ದನಿ ಇಳಿಯಿತು.

“ಹಾಗಿದ್ರೆ ಇದನ್ನ ಒಣಗಿಸಿ ಕುಟ್ಟು. ಕೊಂಡೊವೊಲೆ ಮಾಡು. ನಿನ್ನ ತಮ್ಮನಿಗೆ ಬಡಿಸ್ತೀಯಾ?”

ಅವಳು ಹಾಳೆ ತೆಗೆದುಕೊಂಡು ಆ ಸಂಖ್ಯೆಯನ್ನು ಹೊಡೆದುಹಾಕಿ ಒಂಬತ್ತು ಪಾಯಿಂಟ್ ಎರಡು ಎಂದು ಬರೆದಳು. ಕೆಳಗೆ, ‘ತಿನ್ನಬಾರದು’ ಎಂದು.

“ಆ ಸಂಖ್ಯೆ ಯಾವುದೋ ಸೀಸೆಯದು,” ಎಂದೆ. “ಇದು ನಿನ್ನ ಮುಂದೆ ಇರುವ ಗೆಣಸಿನದು. ನಿನ್ನ ಕೈ ಚೆನ್ನಾಗಿದೆ ತೊವೇರಾ. ಅದು ಹೇಳಿದ್ದನ್ನ ನೀನು ನಂಬೋದಿಲ್ಲ, ಅಷ್ಟೇ.”

ಶುಕ್ರವಾರ ಅವಳು ಸಹಿಗೆ ಬರಲಿಲ್ಲ. ಮೂರ್ನಾಲ್ಕು ಮಂದಿ ಬಂದರು, ಹಾಕಿಕೊಟ್ಟೆ. ಗೊಮೆಜ್ಗಾನೂ ಬಂದಿದ್ದ. ಬಾಗಿಲಲ್ಲಿ ನಿಂತು, “ಆ ಕಡೆಯವರು ಮರಗೆಣಸು ಕೊಡಲ್ವಂತೆ ಮೇಡಂ,” ಎಂದು ಹೇಳಿ ವಾಪಸು ಹೋದ.

ಅಂದಿನಿಂದ ತರಗತಿಯ ಸದ್ದು ಬದಲಾಯಿತು. ‘ಉತ್ತರ ಎಷ್ಟು ಬರಬೇಕು’ ಎಂದು ಕೇಳುವವರು ಕಡಿಮೆಯಾದರು. ತೊವೇರಾ ಎರಡು ಕಾಪಿ ಪುಸ್ತಕಗಳನ್ನು ಸೂಜಿದಾರದಿಂದ ಹೊಲಿದು ಒಂದು ಮಾಡಿಕೊಂಡಳು. ಲೊಂಗ್ವೆ ನನ್ನ ಪಾಠದ ಮಧ್ಯೆ ಬಾಗಿಲಿಂದ ತಲೆ ಹಾಕಿ, “ಅದನ್ನೇ ನಾನು ನಿನ್ನೆ ಹೇಳಿದ್ದು,” ಎಂದು ಕೂಗಿ ಹೋಗುತ್ತಿದ್ದರು. ಮೊದಮೊದಲು ರೇಗುತ್ತಿತ್ತು. ಆಮೇಲೆ ಅವರು ಬಾರದ ದಿನ ನಾನೇ ಬಾಗಿಲ ಕಡೆ ನೋಡುತ್ತಿದ್ದೆ. ವಿತುಂಬಿಕೊನ ಬಿಳಿ ಕೋಟು ಆ ಕಡೆಯ ಗೂಟದಲ್ಲಿ ಇನ್ನೂ ಇತ್ತು. ಒಂದು ದಿನ ನನ್ನ ಕೋಟಿನ ಮೇಲೆ ಆಮ್ಲ ಚೆಲ್ಲಿತು. ಅವನದನ್ನು ಹಾಕಿಕೊಂಡು ಪಾಠ ಮುಗಿಸಿದೆ. ತೋಳು ಉದ್ದ. ಮಡಿಚಿಕೊಂಡೆ.

ಕೊನೆಯ ಪರೀಕ್ಷೆಯ ಬೆಳಿಗ್ಗೆ ಡೀನ್ ಸಯೀತಿ ತಾವೇ ಮುಚ್ಚಿದ ಬಕೆಟ್ ಹಿಡಿದು ಬಂದರು. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದರು: ‘ಈ ಗೆಣಸನ್ನು ಒಣಗಿಸಿ ಉಣ್ಣಬಹುದೇ? ಹೇಗೆ ಹೇಳುವಿರಿ?’ ಅಷ್ಟೇ. ಆಮೇಲೆ ನಡುಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಎರಡೂ ಕೋಣೆ ಕಾಣುವ ಹಾಗೆ, ಕೈಕಟ್ಟಿ ಕೂತರು. ನಮಗಿಬ್ಬರಿಗೂ ಬಾಯಿ ತೆರೆಯಲು ಅನುಮತಿ ಇರಲಿಲ್ಲ.

ನಾನು ಸಾಲುಗಳ ನಡುವೆ ನಡೆದೆ. ಬ್ಯುರೆಟ್‌ಗಳು ಹತ್ತು ದಾಟಿದವು, ಹದಿನೈದು ದಾಟಿದವು. ಇಪ್ಪತ್ತು ದಾಟಿದ ಮೇಲೆ ಗುಲಾಬಿ ಬಣ್ಣ ನಿಂತಿತು. ಚೆನ್ನಾಗಿ ನೆನೆದ ಗೆಣಸಿನ ಹುಳಿ. ಮಕ್ಕಳ ಮುಖ ಅರಳಿತು. ಮುಂದಿನ ಸಾಲಿನವನು ಆಗಲೇ ‘ಉಣ್ಣಬಹುದು’ ಎಂದು ಬರೆದು ಪೆನ್ನು ಮುಚ್ಚಿದ.

ಆಗ ಹಳದಿ ಕಾಗದಗಳು ಕಂದಾಗತೊಡಗಿದವು. ಎಲ್ಲ ಮೇಜಿನಲ್ಲೂ.

ಇದು ಆಗಬಾರದು. ಅಷ್ಟು ಹುಳಿಗಟ್ಟಿದ ಮೇಲೆ ಅಷ್ಟು ವಿಷ ಇರಬಾರದು. ನಾನು ಬಕೆಟ್ಟಿನ ಹತ್ತಿರ ಬಗ್ಗಿದೆ. ಗೆಣಸಿನ ಹುಳಿವಾಸನೆಯಲ್ಲ, ಬೇರೆ ಏನೋ. ಲೊಂಗ್ವೆ ಪಕ್ಕಕ್ಕೆ ಬಂದು ಮೂಗು ಎಳೆದರು. ಅವರ ತುಟಿ ಸದ್ದಿಲ್ಲದೆ ಆಡಿತು: ನಿಂಬೆ.

ಡೀನ್ ಸೂರು ನೋಡುತ್ತಿದ್ದರು.

ತೊವೇರಾಳ ಹಿಂದೆ ಹೋಗಿ ನಿಂತೆ. ಅವಳ ಹಾಳೆಯಲ್ಲಿ ಇಪ್ಪತ್ತೆರಡು ಪಾಯಿಂಟ್ ನಾಲ್ಕು ಎಂದಿತ್ತು. ಪಕ್ಕದಲ್ಲಿ ಕಂದು ಕಾಗದ. ಪೆನ್ನು ಗಾಳಿಯಲ್ಲಿ. ಅವಳ ಕಣ್ಣು ಸಂಖ್ಯೆಯಿಂದ ಕಾಗದಕ್ಕೆ, ಕಾಗದದಿಂದ ಸಂಖ್ಯೆಗೆ ಹೋಗುತ್ತಿತ್ತು. ಇಲ್ಲಿ ಎರಡು ಉತ್ತರಗಳಿದ್ದವು, ಎರಡೂ ಅವಳ ಕೈಯಿಂದಲೇ ಬಂದವು. ಯಾವುದೋ ಒಂದನ್ನು ‘ಕೆಡಿಸಿದ್ದು’ ಎಂದು ಬದಿಗಿಟ್ಟರೆ ಸುಲಭ. ಯಾವುದನ್ನು ಇಡುತ್ತಾಳೆ? ನನ್ನ ನೆರಳು ಅವಳ ಹಾಳೆಯ ಮೇಲೆ ಬಿದ್ದಿತ್ತು. ಸರಿದು ನಿಂತೆ. ನನಗೆ ಎದೆ ಬಡಿದುಕೊಳ್ಳುವುದು ಗೊತ್ತಾಯಿತು. ಅದು ಗೊತ್ತಾಗಿ ಬಹಳ ಕಾಲವಾಗಿತ್ತು.

ತೊವೇರಾ ಪೆನ್ನು ಕೆಳಗಿಟ್ಟಳು. ಗೆಣಸಿನ ತುಂಡನ್ನು ಎರಡು ಬೆರಳಿನಲ್ಲಿ ಒತ್ತಿದಳು. ಒಂದು ತೆಳು ಹೋಳು ತೆಗೆದು ಎದ್ದಳು. ಸೂಕ್ಷ್ಮದರ್ಶಕಗಳು ಆ ಕಡೆಯ ಕೋಣೆಯಲ್ಲಿದ್ದವು. ನಡುಬಾಗಿಲಲ್ಲಿ ಡೀನ್ ಕೂತಿದ್ದರು.

“ಸರ್, ಸ್ವಲ್ಪ ಕಾಲು ಸರಿಸಿ,” ಎಂದಳು.

ಅವರು ಸರಿಸಿದರು. ಅವಳು ತಲೆ ಬಗ್ಗಿಸಿ ದಾಟಿಹೋದಳು. ಅವಳ ಹಿಂದೆ ಗೊಮೆಜ್ಗಾ, ಅವನ ಹಿಂದೆ ಇನ್ನೂ ಕೆಲವರು. ಕೆಲವರು ಕೂತಲ್ಲೇ ಕೂತರು.

ಹಾಳೆಗಳನ್ನು ಲೊಂಗ್ವೆ ಮತ್ತು ನಾನು ಒಂದೇ ಮೇಜಿನಲ್ಲಿ, ಒಂದೇ ಕಟ್ಟಿನಿಂದ ತೆಗೆದು ನೋಡಿದೆವು. ಡೀನ್ ಎದುರು ಕೂತಿದ್ದರು.

“ನಿಂಬೆ ಹಿಂಡಿದ್ರಾ ಸರ್?” ಎಂದರು ಲೊಂಗ್ವೆ.

“ಬೆಳಿಗ್ಗೆ ಅಗೆದ ಗೆಣಸು, ಒಂದು ಬುಟ್ಟಿ ನಿಂಬೆ. ನಾನು ಭೌತಶಾಸ್ತ್ರದವನು ಲೊಂಗ್ವೆ. ನಿಂಬೆ ಹಿಂಡೋಕೆ ಅಷ್ಟು ಓದು ಸಾಕು.” ಆಮೇಲೆ ನನ್ನ ಕಡೆ ತಿರುಗಿದರು. “ಹಳೇ ಸಂಖ್ಯೆ ಹೋಗಿ ಹೊಸ ಸಂಖ್ಯೆ ಬಾಯಿಪಾಠ ಆಗಿದ್ರೆ ಏನು ಬಂತು, ಮಿಸೆಸ್ ಕಮಾಂಗಾ? ಅದನ್ನ ನೋಡ್ಬೇಕಿತ್ತು.”

“ನೋಡಿ,” ಎಂದೆ. ತೊವೇರಾಳ ಹಾಳೆಯನ್ನು ಅವರ ಮುಂದಿಟ್ಟೆ.

ಅವಳು ಏನನ್ನೂ ಹೊಡೆದುಹಾಕಿರಲಿಲ್ಲ. ಹುಳಿ ಇಪ್ಪತ್ತೆರಡು ಪಾಯಿಂಟ್ ನಾಲ್ಕು, ಎರಡು ಸಲ ನೋಡಿದೆ. ಕಾಗದ ಕಂದು, ಎರಡು ಸಲ ನೋಡಿದೆ. ಕೋಶಗಳು ಒತ್ತಾಗಿಯೇ ಇವೆ, ಒಂದೂ ಬಿಟ್ಟುಕೊಂಡಿಲ್ಲ. ಗೆಣಸು ತಾನೇ ಹುಳಿಯಾಗಿದ್ದರೆ ಕೋಶಗಳು ಹೀಗಿರುತ್ತಿರಲಿಲ್ಲ; ಆದ್ದರಿಂದ ಈ ಹುಳಿ ಗೆಣಸಿನದಲ್ಲ, ಹೊರಗಿನಿಂದ ಬಂದದ್ದು. ಕೊನೆಯ ಸಾಲು: ‘ಉಣ್ಣಬಾರದು. ನೀರಿಗೆ ಹುಳಿ ಹಾಕಿದವರನ್ನು ಕೇಳಬೇಕು.’

ಡೀನ್ ಅದನ್ನು ಎರಡು ಸಲ ಓದಿದರು. ನಕ್ಕು ಹಾಳೆ ತಿರುಗಿಸಿಟ್ಟರು.

ಫಲಿತಾಂಶ ಹಚ್ಚಿದ ದಿನ ನಮ್ಮಲ್ಲೂ ಕೆಲವರನ್ನು ಕಿತ್ತಿದ್ದರು. ಮುಂದಿನ ಸಾಲಿನಲ್ಲಿ ಬೇಗ ಪೆನ್ನು ಮುಚ್ಚಿದ ಹುಡುಗ ಅವರಲ್ಲೊಬ್ಬ. ಅವನ ಹಾಸಿಗೆಯ ಸುರುಳಿ ಗುಡ್ಡ ಇಳಿಯುವುದನ್ನು ನಾನು ನೋಡಿದೆ. ಆದರೆ ಬೇರೆ ತರಗತಿಯಲ್ಲಿ ಹೋದವರು ಇದಕ್ಕಿಂತ ಬಹಳ ಹೆಚ್ಚು. ತೊವೇರಾಳ ಹೆಸರಿನ ಮುಂದೆ ಎರಡೂ ವಿಷಯಕ್ಕೆ ಸೇರಿ ಒಂದೇ ಅಂಕ, ಒಂದೇ ಪದ: ಪಾಸು. ಅವಳು ಬೋರ್ಡಿನ ಮುಂದೆ ಎಷ್ಟು ಹೊತ್ತು ನಿಂತಳೆಂದರೆ ಹಿಂದಿನವರು ಬೈದರು.

“ಏ ಉದ್ದದವಳೇ, ನೀನು ಪಾಸಾದ್ದು ಸಾಕು, ನಮ್ಮದು ನೋಡೋಕೆ ಬಿಡು!” ಎಂದ ಗೊಮೆಜ್ಗಾ. ಅವನೂ ಪಾಸಾಗಿದ್ದ, ಕೂದಲೆಳೆಯಲ್ಲಿ.

ಮುಂದಿನ ವರ್ಷ ಡೀನ್ ಎರಡು ತರಗತಿ ಕೊಟ್ಟರು. ಮೊದಲ ವಾರವೇ ಹೊಸ ಮಕ್ಕಳು ಎರಡನೆಯ ವರ್ಷದವರ ಬೆನ್ನು ಹತ್ತಿದರು. ನಾನು ಬಾಗಿಲಿಲ್ಲದ ಬಾಗಿಲಿನ ಹತ್ತಿರ ಬ್ಯುರೆಟ್‌ಗಳನ್ನು ತೊಳೆಯುತ್ತಿದ್ದೆ; ಆ ಕಡೆಯ ಕೋಣೆಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಅಕ್ಕ, ನೀವು ತೊವೇರಾ ಮ್ಫಾಂಡೆ ಅಲ್ವಾ? ನಂದೂ ನಿಮ್ಮೂರೇ. ಹೋದ ವರ್ಷದ ಪೇಪರು ನಿಮ್ಮತ್ರ ಇದೆಯಂತೆ?”

“ಇದೆ.”

“ಉತ್ತರದ ಜೊತೆ?”

“ಉತ್ತರದ ಜೊತೆ. ಕೈ ಚಾಚು.”

ಏನೋ ಭಾರದ್ದು ಅಂಗೈ ಮೇಲೆ ಬಿದ್ದ ಸದ್ದು.

“ಅಕ್ಕ, ಇದು ಗೆಣಸು.”

“ಹೂಂ. ಕಹಿದು. ಮೊದಲು ನೆನೆಹಾಕು, ನಾಳೆ ಬೆಳಿಗ್ಗೆ ಬಾ, ಇಬ್ಬರೂ ಅಳೆಯೋಣ. ಅಲ್ಲಿವರೆಗೆ ಅಗೀಬೇಡ.”

ಲೊಂಗ್ವೆ ಆ ಕಡೆಯಿಂದ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿದರು. “ಊಟ, ನ್ಯಾಮಾಂಡಾ.”

ಡಬ್ಬಿ ಎತ್ತಿಕೊಂಡು ಆ ಬಾಗಿಲಿನಿಂದಲೇ ಹೋದೆ.